ಬೆಂಗಳೂರಿನ ಉದ್ಯೋಗಾನ್ವೇಷಣೆಯ ಪೂರ್ವೋತ್ತರ

ಕೈಯಲ್ಲಿ ಒಂದು ಕೆಲಸವಿರುವಾಗಲೇ ಇನ್ನೊಂದನ್ನು ಅರಸುವ ಬೆಂಗಳೂರಿನ ಸಾಫ್ಟ್‌ವೇರ್ ತರುಣರನ್ನು ಕಂಡು, ಅವರು ರೆಸ್ಯೂಮೆಯನ್ನು ಮತ್ತೆ ಮತ್ತೆ ತಿದ್ದುವುದನ್ನೂ ರಾತ್ರಿ ಜಾಗರ ಮಾಡಿ ಇಂಟರ್‌ವ್ಯೂಗಳಿಗೆ ಅಣಿಯಾಗುವುದನ್ನೂ ಕಂಡು, ಇದು ಚಾಂಚಲ್ಯವೆಂದೂ ಅತಿಯಾಸೆಯೆಂದೂ ಹಿರಿಯರನೇಕರು ಆಕ್ಷೇಪಿಸುವುದುಂಟು. ಈ ಊರಿನಲ್ಲಿ ಕೆಲಸ ದೊರೆಯುತ್ತಿದ್ದ ಬಗೆಯನ್ನೂ ದೊರೆತ ಕೆಲಸ ಕೈಬಿಟ್ಟುಹೋಗುತ್ತಿದ್ದ ಬಗೆಯನ್ನೂ ಏಳೆಂಟು ದಶಕಗಳ ಉದ್ದಕ್ಕೆ ಅನುಸರಿಸಿ ನೋಡಿದವರಿಗೆ ಆ ಆಕ್ಷೇಪ ನ್ಯಾಯವಾಗಿ ತೋರಲಾರದು. ಹಿಂದಿನ ತಲೆಮಾರಿನ ನೌಕರರ ನೆಮ್ಮದಿಗೆ ಕಚೇರಿಗಳ, ಶಾಸನಗಳ, ಸಂಘಗಳ ಆಸರೆಯಿತ್ತು. ಆ ಆಸರೆಯನ್ನು ಮನುಷ್ಯರು ಬಹು ಪ್ರಯಾಸದಿಂದ ಕಟ್ಟಿದ್ದರು. ಅದು ದೊರೆಯದವರು ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಳ್ಳುವುದು ಅನಿವಾರ್ಯವಾಯಿತು.

ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಾಗ, ಸೇನೆಯಿಂದ ಬಿಡುಗಡೆ ಹೊಂದಿ ಊರಿಗೆ ಮರಳಲಿದ್ದ ಅಸಂಖ್ಯ ಸೈನಿಕರಿಗೆ ಜೀವನೋಪಾಯವನ್ನು ಕಲ್ಪಿಸುವುದೆಂತು ಎಂಬ ಚಿಂತೆ ಅಂದಿನ ಸರ್ಕಾರಕ್ಕೆ ಉಂಟಾಗಿ, 1945ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಸ್ಥಾಪಿತವಾದವು. 1948ರಲ್ಲಿ ಅವುಗಳ ಬಾಗಿಲು ಎಲ್ಲ ಉದ್ಯೋಗಾರ್ಥಿಗಳಿಗೂ ತೆರೆಯಿತು. ಅವುಗಳ ಮುಂದಿನ ಸ್ವರೂಪವನ್ನು ಕುರಿತು ಸಲಹೆ ನೀಡಲು ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ಬೆನಗಲ್ ಶಿವರಾಯರು: ಮಂಗಳೂರಿನವರು, ಪತ್ರಕರ್ತರು, ಕಾರ್ಮಿಕ ಚಳವಳಿಯಲ್ಲಿ ದುಡಿದವರು, ಸಂವಿಧಾನ ಸಭೆಯಲ್ಲಿ ಕುಳಿತವರು. ಆ ಸಮಿತಿಯ ಸಲಹೆಯನ್ನು ಅನುಸರಿಸಿ, ಕಚೇರಿಗಳ ದೈನಂದಿನ ಆಡಳಿತವನ್ನು 1956ರ ನವೆಂಬರ್ 1ರಂದು ರಾಜ್ಯಗಳಿಗೆ ವಹಿಸಲಾಯಿತು. ಕನ್ನಡನಾಡು ಒಂದಾದ ದಿನವೇ ನಮ್ಮ ರಾಜ್ಯ ತನ್ನ ನಿರುದ್ಯೋಗಿಗಳ ಪಟ್ಟಿಯನ್ನೂ ಕೈಗೆತ್ತಿಕೊಂಡಿತೆಂಬುದು, ಯಾರೂ ಉದ್ದೇಶಪೂರ್ವಕವಾಗಿ ಏರ್ಪಡಿಸಿದ ಯೋಗವಲ್ಲವಾದರೂ, ನನ್ನ ಮನಸ್ಸಿಗೆ ಬಹಳ ಅರ್ಥವತ್ತಾಗಿ ತೋರುತ್ತದೆ.

ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗ ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಮಾಡಿಸಿಕೊಂಡು ಆ ಕಚೇರಿಯ ಸಾಲಿನಲ್ಲಿ ನಿಲ್ಲುವುದು ಒಂದು ಕಾಲದಲ್ಲಿ ಸಂಸಾರವೊಂದರ ಮುಖ್ಯ ಸಂದರ್ಭಗಳಲ್ಲೊಂದಾಗಿತ್ತು. ನೋಂದಣಿಯ ಚೀಟಿಯನ್ನು ದೇವರ ಕೋಣೆಯಲ್ಲಿಯೋ ಟ್ರಂಕಿನ ತಳದಲ್ಲಿಯೋ ಜೋಪಾನವಾಗಿಟ್ಟು, ಕಾಲಕಾಲಕ್ಕೆ ನವೀಕರಿಸಿಕೊಂಡು, ಈ ಮಧ್ಯೆ ಟೈಪ್‌ರೈಟಿಂಗ್, ಶಾರ್ಟ್‌ಹ್ಯಾಂಡ್ ಕಲಿಯುತ್ತ, ಅಂಚೆಯವನು ತರುವ ಇಂಟರ್‌ವ್ಯೂ ಕಾರ್ಡಿಗಾಗಿ ವರ್ಷಗಟ್ಟಲೆ ಕಾದವರ ಸಂಖ್ಯೆ ಅಲ್ಪವಲ್ಲ. ಸರ್ಕಾರಿ ಸಂಸ್ಥೆಗಳೂ, 25 ಅಥವಾ ಅದಕ್ಕಿಂತ ಹೆಚ್ಚು ನೌಕರರುಳ್ಳ ಖಾಸಗಿ ಸಂಸ್ಥೆಗಳೂ ತಮ್ಮಲ್ಲಿ ತೆರವಾದ ಹುದ್ದೆಗಳನ್ನು ಈ ಕಚೇರಿಗೆ ತಿಳಿಸತಕ್ಕದ್ದೆಂದು 1959ರ ಶಾಸನ ವಿಧಿಸಿತು. ಆದರೆ ಅಲ್ಲಿಂದಲೇ ನೇಮಿಸಿಕೊಳ್ಳಬೇಕೆಂದು ವಿಧಿಸಲಿಲ್ಲ. ಈ ನ್ಯೂನತೆಯಿಂದಾಗಿ ಪಟ್ಟಿ ಬೆಳೆದಂತೆ ಕೆಲಸ ಬೆಳೆಯಲಿಲ್ಲವೆಂಬುದು ನಿಜ. ಆದರೂ, ಯಾರ ಪರಿಚಯವೂ ಇಲ್ಲದ ಬಡ ಹುಡುಗನೊಬ್ಬನ ಹೆಸರು ಸರ್ಕಾರದ ಪುಸ್ತಕವೊಂದರಲ್ಲಿ ದಾಖಲಾಗಿ, ತನ್ನ ಸರದಿಗಾಗಿ ಅಲ್ಲಿ ಉಳಿದಿರುವುದು ಸಾಮಾನ್ಯ ಸಂಗತಿಯೆಂದು ನಾನು ಭಾವಿಸಲಾರೆ.

ಆ ಸರದಿ ಒದಗಿದಾಗ ಹೋಗಿ ಸೇರಲು ಊರಿನ ಸುತ್ತ ದೊಡ್ಡ ಕಾರ್ಖಾನೆಗಳಿದ್ದವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಒಂದರ ಹಿಂದೊಂದು ಬಂದವು. ಜಾಲಹಳ್ಳಿ, ದೂರವಾಣಿನಗರಗಳಲ್ಲಿ ಕ್ವಾರ್ಟರ್ಸುಗಳು ಎದ್ದವು. ಕೆಲಸ ‘ಕಾಯಂ’ ಆಯಿತೆಂದರೆ ಮನೆಯವರು ಹೆಣ್ಣು ನೋಡಲು ಹೊರಡುತ್ತಿದ್ದ ಕಾಲವದು.

ಕಾಯಂ ಎಂಬ ಆ ಭರವಸೆಗೂ ಒಂದು ಇತಿಹಾಸವಿದೆ. 1953ರಲ್ಲಿ ದೇಶದ ಬಟ್ಟೆ ಗಿರಣಿಗಳಲ್ಲಿ ಮಾರಾಟವಾಗದ ಸರಕು ರಾಶಿಬಿದ್ದು ಕಾರ್ಮಿಕರನ್ನು ಹೊರಹಾಕುವ ಸನ್ನಿವೇಶ ಒದಗಿದಾಗ, 1947ರ ಕೈಗಾರಿಕಾ ವಿವಾದ ಶಾಸನಕ್ಕೆ ಹೊಸ ಅಧ್ಯಾಯವೊಂದು ಸೇರಿತು. ಅದು ವಿಧಿಸಿದ್ದು ಹೀಗೆ: ವರ್ಷವೊಂದರ ಸತತ ಸೇವೆಯುಳ್ಳ ಕಾರ್ಮಿಕನನ್ನು ತೆಗೆಯಬೇಕಾದರೆ ಕಾರಣ ಸಹಿತವಾಗಿ ಒಂದು ತಿಂಗಳ ನೋಟೀಸನ್ನೋ ಅದರ ಬದಲಿಗೆ ಸಂಬಳವನ್ನೋ ಕೊಡಬೇಕು. ಸೇವೆಯ ಒಂದೊಂದು ವರ್ಷಕ್ಕೂ 15 ದಿನಗಳ ವೇತನವನ್ನು ಪರಿಹಾರವಾಗಿ ಸಲ್ಲಿಸಬೇಕು. ಸಾಮಾನ್ಯವಾಗಿ ಕೊನೆಗೆ ಬಂದವನೇ ಮೊದಲು ಹೋಗಬೇಕು. ಮುಂದೆ ಮತ್ತೆ ಜನ ಬೇಕಾದರೆ ಹೀಗೆ ಹೋದವರನ್ನು ಮೊದಲು ಕರೆಯಬೇಕು. ಈ ಕಡೆಯ ವಿಧಿಯನ್ನು ಓದುವಾಗಲೆಲ್ಲ ಅದನ್ನು ಬರೆದವರ ಮನಸ್ಸಿನ ಔದಾರ್ಯ ನನ್ನನ್ನು ತಡೆದು ನಿಲ್ಲಿಸುತ್ತದೆ. ಕೆಲಸ ಕಳೆದುಕೊಂಡವನಿಗೂ ಆ ಗೇಟಿಗೂ ಸಂಬಂಧ ಹರಿದುಹೋಗಲಿಲ್ಲವೆಂದು ಶಾಸನವೇ ಒಪ್ಪಿಕೊಂಡಿದ್ದಿತು.

ಶಾಸನದಿಂದ ಯಾವ ಕಾರ್ಖಾನೆಯೂ ಅಮರವಾಗಲಿಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು, ಕೆ.ಜಿ.ಎಫ್.ನ ಸಾವಿರಾರು ಮನೆಗಳವರು ನಸುಕಿಗೆ ಮುಂಚೆಯೇ ಎದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೂ ಕಚೇರಿಗೂ ಬಂದು ಇರುಳಿಗೆ ಹಿಂದಿರುಗುವುದು ರೂಢಿಯಾಯಿತು. ಕೈಗಡಿಯಾರಕ್ಕೆ ಪರ್ಯಾಯನಾಮವೇ ಆಗಿದ್ದ ಎಚ್.ಎಂ.ಟಿ.ಯ ಗಡಿಯಾರ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಇಲ್ಲೆಲ್ಲ ದುಃಖಕ್ಕೆ ಕೊರತೆಯಿರಲಿಲ್ಲ. ಆದರೆ ಬಾಕಿ ಕೇಳುವುದಕ್ಕೆ ಒಂದು ಸಂಘ, ದೂರು ಕೊಡುವುದಕ್ಕೆ ಒಂದು ನ್ಯಾಯಾಲಯ ಇದ್ದೇ ಇದ್ದವು.

ಇತ್ತ ಹೊಸೂರು ರಸ್ತೆಯಲ್ಲಿ, ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ದೂರದೃಷ್ಟಿಯಿಂದ ಎಲೆಕ್ಟ್ರಾನಿಕ್ಸ್ ಸಿಟಿ ರೂಪುಗೊಂಡಿತ್ತು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರವನ್ನು ತೆರೆಯಿತು. ಶತಮಾನದ ಕೊನೆಗೆ ವೈ2ಕೆ ದೋಷವನ್ನು ತಿದ್ದುವ ಕಾರ್ಯ ಕೈತುಂಬ ಕೆಲಸ ತಂದಿತು. ಆದರೆ ಈ ಉದ್ಯಮದ ಗಿರಾಕಿಗಳು ಬಹುಮಟ್ಟಿಗೆ ಪರದೇಶದವರಾದುದರಿಂದ, ಅಲ್ಲಿನ ಮಾರುಕಟ್ಟೆಯ ಕುಸಿತ ಇಲ್ಲಿನ ಮನೆಗಳಿಗೆ ನೇರವಾಗಿ ತಟ್ಟುವಂತಾಯಿತು. 2001ರ ಡಾಟ್‌ಕಾಮ್ ಪತನದಲ್ಲಿ ಅಮೆರಿಕೆಯಿಂದ ಹಿಂದಿರುಗಿದವರೂ, 2008ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ದಿವಾಳಿಯಾದ ಮೇಲೆ ‘ಬೆಂಚಿ’ನ ಮೇಲೆ ಕುಳಿತು ಪ್ರಾಜೆಕ್ಟಿಗಾಗಿ ಕಾದವರೂ ಈ ಪಾಠವನ್ನು ಕಲಿತರು. ಅಮೆರಿಕೆಯಲ್ಲೇ ಉಳಿದು ಎಚ್-1ಬಿ ವೀಸಾದ ಮೇಲೆ ದುಡಿಯುವ ನಮ್ಮವರ ಪಾಡು ಇನ್ನೂ ಕಠಿಣ: ಕೆಲಸ ಹೋದರೆ, 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಹೆಚ್ಚೆಂದರೆ 60 ದಿನಗಳೊಳಗೆ ಬೇರೊಬ್ಬ ಧಣಿಯನ್ನು ಹುಡುಕಿಕೊಳ್ಳಬೇಕು, ಇಲ್ಲವೆ ದೇಶ ಬಿಡುವ ಸಿದ್ಧತೆ ನಡೆಸಬೇಕು.

ಬೆಂಗಳೂರಿನ ಸಾಫ್ಟ್‌ವೇರ್ ನೌಕರನಿಗೆ ಶಾಸನದ ಆಸರೆ ತಪ್ಪಿದ ಬಗೆ ವಿಚಾರಾರ್ಹವಾದುದು. ಕೆಲಸದ ನಿಬಂಧನೆಗಳನ್ನು ಬರವಣಿಗೆಯಲ್ಲಿ ಖಚಿತಪಡಿಸಬೇಕೆನ್ನುತ್ತಿದ್ದ 1946ರ ಸ್ಥಾಯೀ ಆದೇಶಗಳ ಶಾಸನದಿಂದ ಈ ಉದ್ಯಮಕ್ಕೆ ರಾಜ್ಯ ಸರ್ಕಾರ 2014ರಲ್ಲಿ ಐದು ವರ್ಷಗಳ ವಿನಾಯಿತಿ ನೀಡಿತು. ತರುವಾಯ ಅದನ್ನು ಮುಂದುವರಿಸಿತು. ನೌಕರನನ್ನು ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬ ಷರತ್ತೇನೋ ಅದರೊಡನಿತ್ತು. ವಿವಾದ ಶಾಸನದ ‘ಕಾರ್ಮಿಕ’ ಎಂಬ ಪದದ ವ್ಯಾಖ್ಯೆಯಲ್ಲಿ ತಾಂತ್ರಿಕ ಕೆಲಸ ಮಾಡುವವನೂ ಸೇರಿದ್ದನು. ಆದರೆ ಎಚ್.ಆರ್. ಕೋಣೆಗೆ ಕರೆಸಿ, ತಾನಾಗಿಯೇ ರಾಜೀನಾಮೆ ಬರೆದುಕೊಡುವಂತೆ ಒತ್ತಾಯಿಸುವ ಪದ್ಧತಿ ರೂಢಿಗೆ ಬಂದ ಮೇಲೆ, ಕಾಗದದಲ್ಲಿ ವಜಾ ಎಂಬುದೇ ಇಲ್ಲವಾಯಿತು. ವಜಾ ಇಲ್ಲದಲ್ಲಿ ಪರಿಹಾರವೂ ಇಲ್ಲ, ವರದಿಯೂ ಇಲ್ಲ. ಬರೆದುಕೊಡದಿದ್ದರೆ ರಿಲೀವಿಂಗ್ ಲೆಟರ್ ಸಿಕ್ಕದು, ಅದಿಲ್ಲದೆ ಮುಂದಿನ ಕಂಪನಿಯ ಬಾಗಿಲು ತೆರೆಯದು ಎಂಬ ಭಯದಿಂದಲೇ ಎಷ್ಟೋ ಮಂದಿ ಸಹಿ ಹಾಕಿದ್ದಾರೆ. ನೌಕರನು ತಾನಾಗಿ ಬಿಟ್ಟುಹೋಗುವುದಾದರೆ ಮೂರು ತಿಂಗಳ ನೋಟೀಸ್ ಪಿರಿಯಡ್ಡನ್ನು ಅನೇಕ ಕಂಪನಿಗಳು ಅಪೇಕ್ಷಿಸುತ್ತವೆ. ಅವನನ್ನು ಕಳುಹಿಸುವಾಗ ಒಂದು ಮಧ್ಯಾಹ್ನ ಸಾಕಾಗುತ್ತದೆ. ಈ ಅಸಮತೆಯನ್ನು ಅನ್ಯಾಯವೆಂದಲ್ಲದೆ ಬೇರೆ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬಾರದು.

2017ರಲ್ಲಿ ಕರ್ನಾಟಕ ರಾಜ್ಯ ಐಟಿ-ಐಟಿಇಎಸ್ ನೌಕರರ ಸಂಘ ನೋಂದಣಿಯಾಯಿತು; ಉದ್ಯಮದ ಗಾತ್ರಕ್ಕೆ ಹೋಲಿಸಿದರೆ ಅದು ಇನ್ನೂ ಚಿಕ್ಕದು. 2022ರ ನವೆಂಬರಿನಲ್ಲಿ ಮೆಟಾ 11,000 ಮಂದಿಯನ್ನೂ, 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಮಂದಿಯನ್ನೂ ಜಗತ್ತಿನಾದ್ಯಂತ ಕೈಬಿಡುವುದಾಗಿ ಸಾರಿದಾಗ, ಕೆಲಸ ಕಳೆದುಕೊಂಡವರು ತಮ್ಮತಮ್ಮೊಳಗೇ ಪಟ್ಟಿಗಳನ್ನು ಮಾಡಿಕೊಂಡು ಹಂಚತೊಡಗಿದರು: ಹೆಸರು, ಅನುಭವ, ಬಲ್ಲ ವಿದ್ಯೆ, ಇರುವ ಊರು, ಎಂದು ಸೇರಬಲ್ಲರೆಂಬ ವಿವರ. ಇನ್ನೂ ಕೆಲಸದಲ್ಲಿದ್ದವರು, ನಾಳೆ ತಮ್ಮ ಸರದಿ ಬರಬಹುದೆಂಬುದನ್ನು ಅರಿತೂ, ತಮ್ಮ ಕಂಪನಿಯಲ್ಲಿ ತೆರವಾದ ಹುದ್ದೆಗಳನ್ನು ತಿಳಿಸಿ, ಮುಖಪರಿಚಯವೂ ಇಲ್ಲದವರಿಗೆ ರೆಫರಲ್ ಕೊಡಲು ಮುಂದೆ ಬಂದರು. ಶಿವರಾಯರ ಕಾಲದಲ್ಲಿ ಸರ್ಕಾರ ಗುಮಾಸ್ತರನ್ನು ಕೂರಿಸಿ ನಡೆಸಿದ ಕಾರ್ಯವನ್ನು, ಯಾರ ಅಪ್ಪಣೆಯೂ ಇಲ್ಲದೆ, ನೌಕರರು ತಾವೇ ನಡೆಸುತ್ತಿದ್ದಾರೆ.