ಕಾಣೆಯಾದವರಿಗಾಗಿ ಎಷ್ಟು ವರ್ಷ ಕಾಯಬೇಕು?

ಗುಂಡ್ಲುಪೇಟೆಯಿಂದ ಒಂದು ರಸ್ತೆ ಬಂಡೀಪುರದ ಕಾಡು ಹಾದು ನೀಲಗಿರಿಗೆ ಹೋಗುತ್ತದೆ, ಇನ್ನೊಂದು ವಯನಾಡಿಗೆ. ಚಾಮರಾಜನಗರದಿಂದ ಮತ್ತೊಂದು ರಸ್ತೆ ಘಟ್ಟ ಇಳಿದು ಸತ್ಯಮಂಗಲ ಸೇರುತ್ತದೆ. ಕೂಲಿಗೆಂದು, ವ್ಯಾಪಾರಕ್ಕೆಂದು ಈ ದಾರಿಗಳಲ್ಲಿ ಹೋದವರಲ್ಲಿ ಹೆಚ್ಚಿನವರು ಮರಳಿ ಬರುತ್ತಾರೆ. ಕೆಲವರು ಬರುವುದಿಲ್ಲ, ಕಾಗದವಿಲ್ಲ, ಹಣವಿಲ್ಲ, ಸುದ್ದಿಯೂ ಇಲ್ಲ. ಮನೆಯಲ್ಲಿ ಉಳಿದಾಕೆ ಮುತ್ತೈದೆಯೋ ವಿಧವೆಯೋ ಎಂದು ಊರು ಕೇಳುತ್ತದೆ. ಆಕೆ ಎಷ್ಟು ಕಾಲ ಕಾಯಬೇಕು? ಇದು ಬಹಳ ಹಳೆಯ ಪ್ರಶ್ನೆ. ಅದಕ್ಕೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ನೋಡೋಣ.

ಶಾಸ್ತ್ರದಲ್ಲಿ, ರೂಢಿಯಲ್ಲಿ

ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಒಂದು ಉತ್ತರವಿದೆ. ಪರದೇಶಕ್ಕೆ ಹೋದವನ ಹೆಂಡತಿ ಇಷ್ಟು ವರ್ಷ ಕಾಯಬೇಕೆಂದು ಅದು ವರ್ಣಕ್ಕನುಗುಣವಾಗಿ ಲೆಕ್ಕ ಹಾಕಿದೆ. ಮಕ್ಕಳಿದ್ದರೆ ಅವಧಿ ಹೆಚ್ಚು; ಜೀವನಕ್ಕೆ ಏರ್ಪಾಡು ಮಾಡಿ ಹೋಗಿದ್ದರೆ ಇಮ್ಮಡಿ. ಅವಧಿ ಮುಗಿದ ಮೇಲೆ ಧರ್ಮಸ್ಥರ, ಅಂದರೆ ನ್ಯಾಯಾಧೀಶರ, ಅನುಮತಿ ಪಡೆದು ಆಕೆ ಬೇರೆ ಮದುವೆಯಾಗಬಹುದು. ಪರಾಶರ ಮತ್ತು ನಾರದ ಸ್ಮೃತಿಗಳೂ ಹೆಣ್ಣು ಮರುಮದುವೆಯಾಗಬಹುದಾದ ಐದು ಆಪತ್ತುಗಳಲ್ಲಿ ಗಂಡ 'ನಷ್ಟ'ನಾಗುವುದನ್ನು ಸೇರಿಸಿವೆ. ನಷ್ಟ ಎಂದರೆ ಇಲ್ಲಿ ಕಾಣೆಯಾದವನು. ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ವಿಧವಾ ವಿವಾಹಕ್ಕೆ ಆಧಾರವಾಗಿ ಎತ್ತಿ ಹಿಡಿದದ್ದು ಪರಾಶರರ ಈ ಮಾತನ್ನೇ. ಆದರೆ 1856ರ ಕಾಯ್ದೆ ವಿಧವೆಯರಿಗೆ ಮಾತ್ರ ದಾರಿ ತೆರೆಯಿತು. ಕಾಣೆಯಾದವನ ಹೆಂಡತಿ ಹೊರಗೇ ಉಳಿದಳು.

ಶಾಸ್ತ್ರವನ್ನು ಓದದ ಅನೇಕ ಸಮುದಾಯಗಳು ತಮ್ಮದೇ ದಾರಿ ಕಂಡುಕೊಂಡಿದ್ದವು. ಕುಲದ ಪಂಚಾಯಿತಿ ಸೇರಿ, ಹಳೆಯ ಸಂಬಂಧ ಬಿಡಿಸಿ, ಹೆಚ್ಚು ಶಾಸ್ತ್ರವಿಲ್ಲದೆ ಮತ್ತೊಂದು ಸಂಬಂಧ ಕೂಡಿಸುವ ಪದ್ಧತಿಗೆ ಕರ್ನಾಟಕದಲ್ಲಿ ಕೂಡಿಕೆ, ಕೂಡಾವಳಿ, ಉಡಿಕೆ ಎಂಬ ಹೆಸರುಗಳಿವೆ. 'ಮೇಲು' ಎನಿಸಿಕೊಂಡ ಮನೆಗಳ ಹೆಣ್ಣಿಗೆ ಇಲ್ಲದ ಬಿಡುಗಡೆ ಬಡವರ ಮನೆಯ ಹೆಣ್ಣಿಗೆ ಇತ್ತು.

ಒಂದೇ ಸೀಮೆ, ಎರಡು ಕಾನೂನು

ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರಗಳು ಶಾಸನ ಮಾಡತೊಡಗಿದವು. ಬರೋಡಾ ಸಂಸ್ಥಾನ 1931ರಲ್ಲಿ ಹಿಂದೂ ವಿಚ್ಛೇದನಕ್ಕೆ ಕಾಯ್ದೆ ತಂದಿತು. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಆಸ್ತಿಯ ವಿಷಯದಲ್ಲಿ ಮುಂದಿತ್ತು. ಆದರೆ ವಿಚ್ಛೇದನದ ಹಕ್ಕು ಕೊಡಲಿಲ್ಲ. ಮದರಾಸು ಪ್ರಾಂತ್ಯ 1949ರಲ್ಲಿ ಆ ಹಕ್ಕು ಕೊಟ್ಟಿತು.

ಇಲ್ಲಿ ನಮ್ಮ ಜಿಲ್ಲೆಯ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ, ಗುಂಡ್ಲುಪೇಟೆ ಮೈಸೂರಿನವು. ನಡುವೆ ಸುಮಾರು 40 ಕಿಲೋಮೀಟರ್. ಮಾತು ಒಂದೇ, ಹರಕೆ ಹೊರುವ ಮಾದಪ್ಪನೂ ಒಬ್ಬನೇ. ಆದರೂ ಕೆಲವು ವರ್ಷ ಒಂದು ಕಡೆಯ ಹೆಣ್ಣಿಗೆ ಶಾಸನದ ದಾರಿಯಿತ್ತು, ಇನ್ನೊಂದು ಕಡೆಯವಳಿಗೆ ಇರಲಿಲ್ಲ. 1955ರ ಮೇ 18ರಂದು ಜಾರಿಗೆ ಬಂದ ಹಿಂದೂ ವಿವಾಹ ಕಾಯ್ದೆ ಈ ಅಂತರವನ್ನು ಅಳಿಸಿತು. ರೂಢಿಯ ವಿಚ್ಛೇದನವನ್ನೂ ಅದು 29ನೆಯ ಕಲಮಿನಲ್ಲಿ ಉಳಿಸಿಕೊಂಡಿತು. ಆದರೆ ರೂಢಿ ಉಂಟೆಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕು.

ಏಳು ವರ್ಷದ ಲೆಕ್ಕ

ಏಳು ವರ್ಷ ಜೀವಂತವಾಗಿರುವ ಸುದ್ದಿಯೇ ಇಲ್ಲದಿದ್ದರೆ ವಿಚ್ಛೇದನ ಕೇಳಬಹುದೆಂದು 13ನೆಯ ಕಲಮು ಹೇಳುತ್ತದೆ. ಏಳೇ ಏಕೆ? ಇಂಗ್ಲೆಂಡಿನಲ್ಲಿ ಮೊದಲನೆಯ ಜೇಮ್ಸ್ ದೊರೆಯ ಕಾಲದ, 1604ರ ದ್ವಿಪತ್ನಿತ್ವದ ಶಾಸನದಲ್ಲಿಯೇ ಈ ಸಂಖ್ಯೆ ಇದೆ. ಅದು 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 108ನೆಯ ಕಲಮಿಗೆ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೆಯ ಕಲಮಿನಲ್ಲೂ ಉಳಿದಿದೆ. ಮುಸ್ಲಿಂ ವಿವಾಹ ವಿಸರ್ಜನೆಯ 1939ರ ಕಾಯ್ದೆಯಲ್ಲಿ ಗಂಡನ ನೆಲೆ ತಿಳಿಯದ ಅವಧಿ 4 ವರ್ಷ. ಆದರೆ ಆತ ಮರಳಿದರೆಂಬ ಎಣಿಕೆಯಿಂದ ಡಿಕ್ರಿ ಆರು ತಿಂಗಳು ಜಾರಿಯಾಗದೆ ನಿಲ್ಲುತ್ತದೆ.

ವಿಜ್ಞಾನ ಓದುವವರಿಗೆ ಇಲ್ಲಿನ ತೊಡಕು ಬೇಗ ಹೊಳೆದೀತು. ಒಂದು ವಸ್ತು 'ಇದೆ' ಎನ್ನಲು ಒಂದು ನಿದರ್ಶನ ಸಾಕು. 'ಇಲ್ಲ' ಎನ್ನಲು ಎಲ್ಲೆಲ್ಲಿ ಹುಡುಕಬೇಕು? ಕಾನೂನು ಲೋಕವನ್ನೆಲ್ಲ ಹುಡುಕಿಸುವುದಿಲ್ಲ. ಆತ ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ಬರಬೇಕಿತ್ತೋ, ಆ ಹೆಂಡತಿ, ತಾಯಿ, ಒಡಹುಟ್ಟಿದವರಿಗೆ ಬಂದಿದೆಯೇ ಎಂದಷ್ಟೇ ಕೇಳುತ್ತದೆ.

ಆತ ಎಲ್ಲೋ ಇದ್ದಾನೆಂದು ತಿಳಿದಿದ್ದರೆ ಈ ಕಾರಣ ಸಲ್ಲದು. ಆಗ ಪರಿತ್ಯಾಗ ಎಂಬ ಬೇರೆ ಕಾರಣವಿದೆ. ಮೊದಲು ಇದು ಬೇರೆ ವಾಸಕ್ಕೆ ಮಾತ್ರ ಆಧಾರವಾಗಿತ್ತು. 1976ರ ತಿದ್ದುಪಡಿಯಿಂದ ವಿಚ್ಛೇದನಕ್ಕೂ ಆಧಾರವಾಯಿತು. ಸಕಾರಣವಿಲ್ಲದೆ ಬಿಟ್ಟುಹೋಗಿ ಎರಡು ವರ್ಷವಾದರೆ ಅರ್ಜಿ ಹಾಕಬಹುದು.

ವಿಳಾಸವಿಲ್ಲದವನಿಗೆ ಸಮನ್ಸ್

ಹೆಂಡತಿ ತಾನಿರುವ ಸ್ಥಳದ ನ್ಯಾಯಾಲಯದಲ್ಲೇ ಅರ್ಜಿ ಹಾಕಲು 2003ರ ತಿದ್ದುಪಡಿ ಅವಕಾಶ ಕೊಟ್ಟಿತು. ಗುಂಡ್ಲುಪೇಟೆಯವಳು ನೀಲಗಿರಿಗೆ ಅಲೆಯಬೇಕಿಲ್ಲ. ಎದುರು ಪಕ್ಷದ ಮಾತು ಕೇಳದೆ ತೀರ್ಪು ಕೊಡಬಾರದೆಂಬುದು ನ್ಯಾಯದ ಮೂಲ ನಿಯಮ. ಆದ್ದರಿಂದ ಮೊದಲು ಸಮನ್ಸ್ ಹೋಗಬೇಕು. ಆಳು ಸಿಗದಿದ್ದರೆ ನ್ಯಾಯಾಲಯದ ಅಪ್ಪಣೆಯಂತೆ ನ್ಯಾಯಾಲಯದಲ್ಲೂ ಆತ ಕೊನೆಗೆ ವಾಸವಿದ್ದ ಮನೆಯಲ್ಲೂ ಪ್ರತಿ ಅಂಟಿಸುತ್ತಾರೆ. ಅಥವಾ ಆ ಪ್ರದೇಶದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಪತ್ರಿಕೆಯ ಮೂಲೆಯಲ್ಲಿ ನಾವು ಓದದೆ ಬಿಡುವ ಸಣ್ಣಕ್ಷರದ ಪ್ರಕಟಣೆಗಳಲ್ಲಿ ಇಂಥವೂ ಇರುತ್ತವೆ.

ಆಗಲೂ ಬಾರದಿದ್ದರೆ ವಿಚಾರಣೆ ಏಕಪಕ್ಷೀಯವಾಗಿ ನಡೆಯುತ್ತದೆ. ಹಾಗೆಂದು ಡಿಕ್ರಿ ತಾನಾಗಿ ಕೈಗೆ ಬರುವುದಿಲ್ಲ; ಸಾಕ್ಷ್ಯದಿಂದ ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಡಿಕ್ರಿಯಾದ ಮೇಲೂ ಮೇಲ್ಮನವಿಯ 90 ದಿನ ಕಳೆಯುವ ಮೊದಲು ಮರುಮದುವೆ ಸಲ್ಲದು.

ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ ಉಚಿತ ವಕೀಲರ ನೆರವು ದೊರೆಯುತ್ತದೆ. ಹೋದ ದಿನ, ಕೊನೆಯ ಸುದ್ದಿ ಬಂದ ದಿನ, ಪೊಲೀಸ್ ಠಾಣೆಗೆ ಕೊಟ್ಟ ದೂರಿನ ಪ್ರತಿ: ಇವನ್ನು ಬರೆದಿಟ್ಟುಕೊಂಡಿದ್ದರೆ ಏಳು ವರ್ಷದ ಲೆಕ್ಕ ನಿಲ್ಲುತ್ತದೆ. ಮನೆಯಲ್ಲಿ ಓದುಬರಹ ಬಲ್ಲ ಮಕ್ಕಳು ಮಾಡಿಕೊಡಬಹುದಾದ ಕೆಲಸ ಇದು.