ಪೂಲಿಯೆಂಬ ಪಟ್ಟಣ

ಧಾರವಾಡದಲ್ಲಿ ಹತ್ತಾರು ವರ್ಷ ನೆಲೆಸಿದವನು ಆ ಊರನ್ನು ಹೊಗಳದೆ ಇರಲಾರ. ನಿವೃತ್ತರಾದ ಮೇಲೆ ಎಲ್ಲಿ ಮನೆ ಕಟ್ಟಿಸಬೇಕೆಂದು ಯಾರಾದರೂ ಕೇಳಿದರೆ ಸಾಕು, ನಮ್ಮ ಮಿತ್ರರೊಬ್ಬರು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು ಸುರುಮಾಡುತ್ತಾರೆ. ಹವೆ ತಂಪು, ಊರು ಬಹಳ ದೊಡ್ಡದಲ್ಲ, ತೀರ ಸಣ್ಣದೂ ಅಲ್ಲ, ಮಕ್ಕಳ ವಿದ್ಯೆಗೆ ಕಾಲೇಜುಗಳುಂಟು, ವಿಶ್ವವಿದ್ಯಾಲಯವುಂಟು, ಸಂಜೆಗೆ ಒಂದು ಸಂಗೀತದ ಬೈಠಕ್ಕೋ ಭಾಷಣವೋ ತಪ್ಪದು, ವ್ಯಾಜ್ಯ ಹೂಡಬೇಕೆನ್ನುವವರಿಗೆ 2008ರಿಂದ ಹೈಕೋರ್ಟಿನ ಪೀಠವೂ ಊರ ಬಾಗಿಲಿಗೇ ಬಂದಿದೆ! ಕೇಳುವಾಗ ನನಗೆ ಪ್ರತಿಸಲವೂ ಒಂದು ಹಳೆಯ ಊರಿನ ನೆನಪಾಗುತ್ತದೆ. ಆ ಊರಿನವರೂ ತಮ್ಮ ಊರನ್ನು ಹೀಗೆಯೇ ಹೊಗಳಿಕೊಂಡಿದ್ದರು. ವ್ಯತ್ಯಾಸವಿಷ್ಟೇ: ಅವರು ಹೊಗಳಿದ್ದನ್ನು ಕಲ್ಲಿನ ಮೇಲೆ ಕೊರೆಯಿಸಿ ಇಟ್ಟರು.

ಆ ಊರು ಪೂಲಿ, ಇಂದಿನ ಹೂಲಿ. ಸವದತ್ತಿಯಿಂದ ಪೂರ್ವಕ್ಕೆ ಎಂಟೊಂಬತ್ತು ಕಿಲೋಮೀಟರು ನಡೆದರೆ ಗುಡ್ಡದ ಬುಡದಲ್ಲಿ ಸಿಕ್ಕುತ್ತದೆ. ಪಾಲು ಹಾಲಾದಂತೆ, ಪೂ ಹೂವಾದಂತೆ ಪೂಲಿ ಹೂಲಿಯಾಯಿತು. (ಪುಲಿಗೆರೆ ಬೇರೆ, ಅದು ಲಕ್ಷ್ಮೇಶ್ವರ. ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಈ ಎರಡನ್ನೂ ಒಂದು ಮಾಡುವ ಹುಡುಗರು ವರ್ಷಕ್ಕೆ ನಾಲ್ವರಾದರೂ ಇರುತ್ತಾರೆ.) ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸಿತಷ್ಟೆ. ಕಿಸುವೊಳಲೆಂದರೆ ಪಟ್ಟದಕಲ್ಲು, ಒಂಕುಂದವೆಂದರೆ ಬೈಲಹೊಂಗಲ ತಾಲೂಕಿನ ಒಕ್ಕುಂದ. ಆ ಎರಡರ ನಡುವೆ ಮಲಪ್ರಭೆಯ ಸೀಮೆಯಲ್ಲಿ ಹೂಲಿ ಕುಳಿತಿದೆ. ಕನ್ನಡದ ನಡುಮನೆಯಲ್ಲಿಯೇ ಇದೆ ಎನ್ನಬೇಕು.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಪೂಲಿ ಹೆಸರಾದ ಅಗ್ರಹಾರ. ಅದರ ಆಡಳಿತ ಸಾಸಿರ್ವರು ಮಹಾಜನರ ಕೈಯಲ್ಲಿ. ಇಲ್ಲಿಯ ಶಾಸನಗಳನ್ನು ಎಲ್. ಡಿ. ಬಾರ್ನೆಟ್ ಅವರು ಎಪಿಗ್ರಾಫಿಯಾ ಇಂಡಿಕಾದ 18ನೆಯ ಸಂಪುಟದಲ್ಲಿ ಒಟ್ಟಾಗಿ ಪ್ರಕಟಿಸಿದರು. ಅವುಗಳಲ್ಲಿ ಒಂದು 1044ರದು, ಆಹವಮಲ್ಲ ಸೋಮೇಶ್ವರನ ಕಾಲದ್ದು. ಯಾಪನೀಯ ಸಂಘದ ಬಾಲಚಂದ್ರ ಭಟ್ಟಾರಕನೆಂಬ ಜೈನ ಗುರುವಿನ ಹೆಸರು ಅದರಲ್ಲಿದೆ. ಅದೇ ಕಲ್ಲಿನ ಮೇಲೆ ನೂರೊಂದು ವರ್ಷಗಳ ಅನಂತರ, 1145ರಲ್ಲಿ, ಜಗದೇಕಮಲ್ಲನ ಆಳಿಕೆಯಲ್ಲಿ, ಇನ್ನೊಂದು ಬರೆಹ ಸೇರಿತು, ಅದರಲ್ಲಿಯೂ ಯಾಪನೀಯರೇ. ವೇದ ಓದುವವರ ಅಗ್ರಹಾರದಲ್ಲಿ ಜೈನ ಮುನಿಗಳ ಗುರುಪರಂಪರೆಯೊಂದು ನೂರು ವರ್ಷ ನೆಲೆನಿಂತಿತೆಂದರೆ ಊರಿನ ಮನಸ್ಸು ಎಷ್ಟು ಅಗಲವಾಗಿದ್ದಿರಬೇಕು! ‘ವಾಸಕ್ಕೆ ಯೋಗ್ಯವಾದ ಊರು’ ಎಂಬುದಕ್ಕೆ ಹವೆಗಿಂತ ಇದೇ ದೊಡ್ಡ ಸಾಕ್ಷಿಯೆಂದು ನನ್ನ ಮತ.

ಅಂದಿನ ಅಗ್ರಹಾರಗಳ ವರ್ಣನೆಯನ್ನು ಓದಿದವರಿಗೆ ಅದರ ಧಾಟಿ ಪರಿಚಿತ. ಕೆರೆ ತುಂಬಿದೆ, ತೋಟ ತಂಪಾಗಿದೆ, ಗುಡಿಯ ಶಿಖರ ಮುಗಿಲು ಮುಟ್ಟಿದೆ, ಪಂಜರದ ಗಿಳಿಯೂ ಶಾಸ್ತ್ರ ನುಡಿಯುತ್ತಿದೆ. ಮಹಾಜನರಂತೂ ಯಮ ನಿಯಮಗಳಲ್ಲಿ ಒಬ್ಬರಿಗಿಂತ ಒಬ್ಬರು ಮಿಗಿಲು. ಇದೆಲ್ಲ ಕವಿಸಮಯ, ಬಿಡಿ ಎಂದು ಪುಟ ಮಗುಚಬಾರದು. ಹೊಗಳಿಕೆ ಮುಗಿದ ಕೂಡಲೇ ಶಾಸನ ತನ್ನ ನಿಜವಾದ ಕೆಲಸಕ್ಕೆ ಬರುತ್ತದೆ: ಇಂಥ ದೇವರ ನಂದಾದೀವಿಗೆಗೆ, ಇಂಥವರ ಆಹಾರದಾನಕ್ಕೆ, ಇಂಥ ಕಡೆಯ ಇಷ್ಟು ಮತ್ತರು ಹೊಲ, ಅದರ ಎಲ್ಲೆ ಇದು. ಅಂದರೆ ಅದು ಕಾವ್ಯವೂ ಹೌದು, ಖರೇದಿ ಪತ್ರವೂ ಹೌದು. ಊರಿನ ಚೆಲುವು ಗಾಳಿಯಿಂದ ಬಂದುದಲ್ಲ. ಅದಕ್ಕೆ ಹೊಲವಿತ್ತು, ಹೊಲಕ್ಕೆ ಒಕ್ಕಲಿತ್ತು.

ಈ ವ್ಯವಸ್ಥೆ ಎಷ್ಟು ದೂರ ಹೋಗಬಲ್ಲುದಾಗಿತ್ತು ಎಂಬುದಕ್ಕೆ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ನೋಡಬೇಕು. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದ ಕಲಿಯುವವರು 200, ಶಾಸ್ತ್ರ ಕಲಿಯುವವರು 50; ಪುಸ್ತಕಗಳನ್ನು ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರು. ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರು! ನಮ್ಮ ಕಾಲೇಜಿನ ಗ್ರಂಥಪಾಲಕರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಆ ನಗೆ ಸಂತೋಷದ್ದಾಗಿರಲಿಲ್ಲ.

ಆದರೆ ಈ ಹೊಗಳಿಕೆಗಳನ್ನು ಓದುವಾಗ ಒಂದು ಮಾತು ಮನಸ್ಸಿಗೆ ಚುಚ್ಚುತ್ತದೆ. ಸಾಸಿರ್ವರು ಯಾರೆಂದು ಕಲ್ಲು ಹೇಳುತ್ತದೆ. ಅವರ ಮನೆಗೆ ನೀರು ಹೊತ್ತವರು ಯಾರು, ಆ ಮತ್ತರುಗಳನ್ನು ಉತ್ತವರು ಯಾರು, ಗುಡಿಯ ಕಲ್ಲನ್ನು ಎಳೆದು ತಂದವರು ಯಾರು? ಅವರ ಪಾಲಿಗೆ ಪೂಲಿ ಎಂಥ ಊರಾಗಿತ್ತು? ಶಾಸನ ಕೊರೆಯಿಸುವವನು ತನ್ನ ಅಂಗಳದಲ್ಲಿ ನಿಂತು ಊರು ನೋಡುತ್ತಾನೆ. ಎಲ್ಲ ಶಾಸನಗಳೂ ಹಾಗೆಯೇ ಎಂದರೆ ಅನ್ಯಾಯವಾದೀತು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ ಪಾಣಿನಿ ಶಾಕಟಾಯನರ ವ್ಯಾಕರಣಗಳನ್ನು ಎಣಿಸಿ ಅಲ್ಲಿಗೇ ನಿಲ್ಲುವುದಿಲ್ಲ; ದೀನರು, ಕುಂಟರು, ಕುರುಡರು, ಕಿವುಡರು ಅಲ್ಲಿ ಉಣ್ಣುತ್ತಿದ್ದರು, ರೋಗಿಗಳಿಗೆ ಔಷಧ ದೊರೆಯುತ್ತಿತ್ತು ಎಂದೂ ಹೇಳುತ್ತದೆ. ಒಂದು ಊರನ್ನು ಹೊಗಳುವುದಾದರೆ ಹೀಗೆ ಹೊಗಳಬೇಕು.

ಪೂಲಿ ಕುಗ್ಗಿದ್ದೇಕೆ? ನೆರೆಯ ಸವದತ್ತಿ, ಅಂದಿನ ಸುಗಂಧವರ್ತಿ, ರಟ್ಟರ ರಾಜಧಾನಿ. ಹದಿಮೂರನೆಯ ಶತಮಾನದ ಆರಂಭದ ಹೊತ್ತಿಗೆ ರಟ್ಟರು ವೇಣುಗ್ರಾಮಕ್ಕೆ ಹೋದರು. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿ 1204ರದು. ಸ್ವಲ್ಪ ಕಾಲದಲ್ಲಿ ದೇವಗಿರಿಯ ಯಾದವರು ರಟ್ಟರನ್ನೂ ಅಳಿಸಿದರು. ದಾನ ಕೊಡುವ ಕೈ ದೂರವಾದಾಗ ದಾನದ ಮೇಲೆ ನಿಂತ ಊರು ಬಡವಾಯಿತೆಂದು ನಾನು ಊಹಿಸುತ್ತೇನೆ. ಮುಂದೆ ಇಂಗ್ಲಿಷರ ಕಾಲದಲ್ಲಿ, 1880ರ ದಶಕದಲ್ಲಿ, ರೈಲು ಬೆಳಗಾವಿ ಧಾರವಾಡಗಳನ್ನು ಹಾಯ್ದು ಹೋಯಿತು, ಸವದತ್ತಿಗೆ ಬರಲಿಲ್ಲ. ಭಾಗ್ಯವೂ ಆ ಹಳಿಯ ಗುಂಟವೇ ನಡೆಯಿತು.

ಆದರೂ ಈ ಸೀಮೆ ಕೊಡುವುದನ್ನು ಬಿಡಲಿಲ್ಲ. ಇದೇ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟು ಹೋಗಿದ್ದರು. ಅದನ್ನು ನಾನು ಈ ನಾಡಿನ ದೊಡ್ಡ ದಾನಶಾಸನಗಳ ಸಾಲಿನಲ್ಲಿ ಇಡುತ್ತೇನೆ; ಕಾಗದದ ಮೇಲಿತ್ತೆಂಬುದೊಂದೇ ಕೊರತೆ. ಆ ಹಣದಿಂದ ಓದಿದ ಹಳ್ಳಿಯ ಹುಡುಗರು ಪಟ್ಟಣಗಳ ವಕೀಲರಾದರು, ಡಾಕ್ಟರರಾದರು, ಮಾಸ್ತರರಾದರು. ಇನ್ನು ನಮ್ಮ ಧಾರವಾಡವೇ ತೆಗೆದುಕೊಳ್ಳಿ. 1890ರ ವಿದ್ಯಾವರ್ಧಕ ಸಂಘವಾಗಲಿ, ಅರಟಾಳ ರುದ್ರಗೌಡರೂ ರೊದ್ದ ಶ್ರೀನಿವಾಸರಾಯರೂ ಓಡಾಡಿ ತಂದ 1917ರ ಕರ್ನಾಟಕ ಕಾಲೇಜಾಗಲಿ, ತಾನಾಗಿ ಮೊಳೆತದ್ದಲ್ಲ. ಕೊಟ್ಟವರು ಇದ್ದರು. ಮತ್ತು ಹುಬ್ಬಳ್ಳಿ ಧಾರವಾಡದವರು ಇಂದು ಕುಡಿಯುವ ನೀರು? ಅದೂ ಸವದತ್ತಿಯದೇ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಈ ಸೀಮೆಯ ಹಳ್ಳಿಗಳು ನೀರೊಳಗೆ ಹೋದವು; ಆ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ನಮ್ಮ ನಳಗಳಿಗೆ ಬರುತ್ತದೆ. ನಮ್ಮ ಮಿತ್ರರ ಹೊಗಳಿಕೆಯಲ್ಲಿ ಈ ಹಳ್ಳಿಗಳ ಹೆಸರು ನಾನು ಕೇಳಿಲ್ಲ.

ಕಳೆದ ಬೇಸಿಗೆಯಲ್ಲಿ ಎಂ.ಎ. ವಿದ್ಯಾರ್ಥಿಗಳೊಡನೆ ಹೂಲಿಗೆ ಹೋಗಿದ್ದೆ. ಪಂಚಲಿಂಗೇಶ್ವರನ ಗುಡಿಯನ್ನು ಪುರಾತತ್ವ ಇಲಾಖೆ ಕಾಯ್ದುಕೊಂಡಿದೆ. ಒಳಗೆ ಕಂಬಗಳ ನಡುವೆ ತಣ್ಣಗಿತ್ತು. ಊರಲ್ಲಿ ಅಲ್ಲಲ್ಲಿ ಬೇರೆ ಗುಡಿಗಳು, ಕೆಲವು ಅರ್ಧ ಬಿದ್ದವು. ಹುಡುಗರು ಕಲ್ಲಿನ ಅಕ್ಷರಗಳ ಮೇಲೆ ಬೆರಳಾಡಿಸಿ ಓದಲು ಯತ್ನಿಸಿದರು. ಮೂರು ಸಾಲು ದಾಟಲಿಲ್ಲ. ಬಿಸಿಲೇರಿದಾಗ ಒಂದು ಮನೆಯ ಕಟ್ಟೆಯ ಮೇಲೆ ಕುಳಿತೆವು. ಮನೆಯ ಮುದುಕಿ ಒಂದು ಕೊಡ ನೀರು ತಂದಿಟ್ಟು, “ಯಾವ ಊರವ್ರಿ?” ಎಂದಳು.

“ಧಾರವಾಡದವರು, ಅವ್ವಾ.”

“ಧಾರವಾಡಾ? ಛಲೋ ಊರು ಬಿಡ್ರಿ. ನನ್ನ ಮೊಮ್ಮಗಳು ಅಲ್ಲೇ ಕಲ್ಯಾಕ ಹತ್ಯಾಳ,” ಎಂದವಳು ಸ್ವಲ್ಪ ತಡೆದು ಕೇಳಿದಳು, “ನಿಮ್ಮಲ್ಲಿ ನೀರು ಎಷ್ಟು ದಿನಕ್ಕೊಮ್ಮಿ ಬಿಡ್ತಾರ್ರಿ?”