ತಂತಿ ಜಾರುವ ಗಿಟಾರಿನ ರಿಪೇರಿ ಚರಿತ್ರೆ

ಜಾಝ್ ವಾದಕರನ್ನು ಒಲಿಸಿಕೊಳ್ಳಲೆಂದೇ ಫೆಂಡರ್ ಕಂಪನಿ 1958ರಲ್ಲಿ ಜಾಝ್‌ಮಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರನ್ನು ತಂದಿತು. ಕೂತು ನುಡಿಸುವವರಿಗೆ ಅನುಕೂಲವಾಗಲೆಂದು ಸೊಂಟವನ್ನು ಓರೆಯಾಗಿ ಕೊರೆದಿದ್ದರು. ಮೇಲ್ಭಾಗದ ಸಣ್ಣ ಸ್ವಿಚ್ಚು ಸರಿಸಿದರೆ ದನಿ ಮೆತ್ತಗಾಗುತ್ತಿತ್ತು. ಜಾಝ್ ಲೋಕ ಹೆಚ್ಚೇನೂ ಒಲಿಯಲಿಲ್ಲ. ಅದನ್ನು ಕೈಗೆತ್ತಿಕೊಂಡವರು ಕ್ಯಾಲಿಫೋರ್ನಿಯಾದ ಸರ್ಫ್ ಸಂಗೀತದ ಹುಡುಗರು. 1962ರಲ್ಲಿ ಅದೇ ಜಾಯಮಾನದ ಜಾಗ್ವಾರ್ ಬಂತು.

ಎರಡಕ್ಕೂ ಅಂಟಿದ ಅಪವಾದ ಒಂದೇ. ಜೋರಾಗಿ ಮೀಟಿದರೆ ತಂತಿ ಜಾಗ ಬಿಟ್ಟು ಜಾರುತ್ತದೆ, ಬ್ರಿಡ್ಜ್ ಗಲಗಲ ಎನ್ನುತ್ತದೆ.

ನಮ್ಮ ವೀಣೆಯಲ್ಲಿ ಕುದುರೆ ಮಾಡುವ ಕೆಲಸವನ್ನು ಇಲ್ಲಿ ಮಾಡುವ ಈ ಬ್ರಿಡ್ಜ್ ಎರಡು ಮೊನಚು ಕಾಲುಗಳ ಮೇಲೆ ನಿಂತಿರುತ್ತದೆ. ತಂತಿಯ ಬಿಗಿತ ಏರಿಳಿಸಿ ಸ್ವರ ತೂಗಿಸುವ ಟ್ರೆಮೊಲೊ ಹಿಡಿ ಒತ್ತಿದಾಗ ತಂತಿಯೊಂದಿಗೇ ವಾಲಿ ಮತ್ತೆ ನೆಟ್ಟಗಾಗಬೇಕೆಂಬುದು ಲೆಕ್ಕಾಚಾರ. ಅಲ್ಲಿಂದಾಚೆ ತಂತಿ ಬಹುದೂರ ಸಾಗಿ ಸಿಕ್ಕಿಕೊಳ್ಳುವುದರಿಂದ ಬ್ರಿಡ್ಜನ್ನು ಅದು ಒತ್ತುವುದು ಕಡಿಮೆ. ಆ ಕಾಲದ ದಪ್ಪ ತಂತಿಗೆ ಅಷ್ಟು ಸಾಕಿತ್ತು. 1962ರ ಹೊತ್ತಿಗೆ ಅರ್ನಿ ಬಾಲ್ ತೆಳು ತಂತಿಗಳ ಸೆಟ್ಟು ಮಾರತೊಡಗಿದರು, ರಾಕ್ ವಾದಕರು ಅತ್ತ ವಾಲಿದರು, ಬಿಗಿತ ತಗ್ಗಿತು. ಹಳೆಯ ವಿನ್ಯಾಸಕ್ಕೆ ಹೊಸ ತಂತಿ ಹಾಕಿ, ದೂರನ್ನು ಮಾತ್ರ ವಿನ್ಯಾಸದ ತಲೆಗೆ ಕಟ್ಟಿದ್ದು ಅನ್ಯಾಯವೇ ಸರಿ.

ಜಾಗ್ವಾರ್ ತಯಾರಿಕೆ 1975ರಲ್ಲಿ ನಿಂತಿತು, ಜಾಝ್‌ಮಾಸ್ಟರ್ 1980ರ ಸುಮಾರಿಗೆ. ಬೇಡಿಕೆಯಿಲ್ಲದ ಗಿಟಾರುಗಳು ಗಿರವಿ ಅಂಗಡಿ ಸೇರಿದವು. ಹೊಸ ಕಾಲದ ವಾದಕರಿಗೆ ಬೇಕಿದ್ದದ್ದೂ ಅಗ್ಗದ ಮಾಲೇ. ನ್ಯೂಯಾರ್ಕಿನ ಟೆಲಿವಿಷನ್ ತಂಡದ ಟಾಮ್ ವರ್ಲೇನ್ ಜಾಝ್‌ಮಾಸ್ಟರ್ ಹಿಡಿದರು. ಅದೇ ಊರಿನ ಸಾನಿಕ್ ಯೂತ್ ತಂಡಕ್ಕೆ ಹಾಡಿಗೊಂದು ಶ್ರುತಿ ಬೇಕಿದ್ದರಿಂದ ರಾಶಿ ಗಿಟಾರುಗಳೇ ಬೇಕಾದವು. ಥರ್ಸ್ಟನ್ ಮೂರ್, ಲೀ ರಾನಾಲ್ಡೊ ಇಬ್ಬರೂ ಟೋನ್ ನಾಬು, ಮೇಲಿನ ಸ್ವಿಚ್ಚು ಕಿತ್ತುಹಾಕಿ, ಗಿಬ್ಸನ್ ಮಾದರಿಯ ಬ್ರಿಡ್ಜ್ ಕೂರಿಸಿದರು. ದೋಷವೆಂದು ಜರೆಯುತ್ತಿದ್ದ, ಬ್ರಿಡ್ಜಿನ ಹಿಂದಿನ ಆ ಉದ್ದ ತಂತಿಯನ್ನೇ ಮೀಟಿ ಗಂಟೆಯಂಥ ನಾದ ಹೊರಡಿಸಿದರು. 1999ರ ಜುಲೈಯಲ್ಲಿ ಅವರ ವಾದ್ಯಗಳಿದ್ದ ಟ್ರಕ್ಕು ಕ್ಯಾಲಿಫೋರ್ನಿಯಾದಲ್ಲಿ ಕಳುವಾಯಿತು. ವರ್ಷಗಟ್ಟಲೆ ತಿದ್ದಿ ಪಳಗಿಸಿದ ಅಂಥ ಗಿಟಾರನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು? 2009ರಲ್ಲಿ ಫೆಂಡರ್ ಇಬ್ಬರ ಹೆಸರಲ್ಲೂ ಜಾಝ್‌ಮಾಸ್ಟರ್ ಹೊರತಂದಾಗ ಅವುಗಳಲ್ಲಿ ಟೋನ್ ನಾಬೇ ಇರಲಿಲ್ಲ.

ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕೆವಿನ್ ಶೀಲ್ಡ್ಸ್ ಇವೇ ಗಿಟಾರುಗಳ ಟ್ರೆಮೊಲೊ ಹಿಡಿಯನ್ನು ಕೈಬಿಡದೆಯೇ ಮೀಟುತ್ತ ಸ್ವರಗಳನ್ನು ತೂಗಾಡಿಸಿದರು. 1991ರ ‘ಲವ್‌ಲೆಸ್’ ಆಲ್ಬಂನ ಚಹರೆಯೇ ಅದು. ರಾಕ್ ಗಾಯಕ ಕರ್ಟ್ ಕೊಬೇನ್ ಕೊಂಡ 1965ರ ಜಾಗ್ವಾರಿನಲ್ಲಿ ಹಿಂದಿನವರಾರೋ ಆಗಲೇ ತಂತಿಯ ಕಂಪನ ಹಿಡಿಯುವ ಪಿಕಪ್ಪು ಬದಲಿಸಿದ್ದರು.

ರಿಪೇರಿಯ ವಿದ್ಯೆಯೂ ಬೆಳೆಯಿತು. ಬಝ್ ಸ್ಟಾಪ್ ಎಂಬ ಪಟ್ಟಿ ತಂತಿಯನ್ನು ಕೆಳಕ್ಕೊತ್ತಿ ಜಾರದಂತೆ ತಡೆಯುತ್ತದೆ, ಆದರೆ ಬ್ರಿಡ್ಜಿನ ಹಿಂದಿನ ಝೇಂಕಾರವನ್ನೂ ಅಡಗಿಸುತ್ತದೆ. ಅದಕ್ಕಿಂತ ಸರಳವಾದ ದಾರಿ, ಕತ್ತು ಒಡಲಿಗೆ ಕೂಡುವಲ್ಲಿ ತೆಳು ಚಕ್ಕೆಯೊಂದನ್ನು ತುರುಕುವುದು. ಕತ್ತು ತುಸು ಹಿಂದಕ್ಕೆ ಬಾಗುತ್ತದೆ, ಬ್ರಿಡ್ಜನ್ನು ಎತ್ತರಿಸಬಹುದು, ತಂತಿ ಗಟ್ಟಿಯಾಗಿ ಕೂರುತ್ತದೆ. ಮೂಲ ದನಿಗೆ ಧಕ್ಕೆಯಿಲ್ಲ. ಮಾಸ್ಟರಿ ಬ್ರಿಡ್ಜ್ ಇನ್ನೊಂದು ಬಗೆ: ತಂತಿಗಳು ಕೂರುವ ಆರು ಬಿಡಿ ಉರುಳೆಗಳ ಬದಲು ತಲಾ ಮೂರು ತಂತಿ ಹೊರುವ ಎರಡೇ ತುಂಡು. ಹಲವರು ಫೆಂಡರಿನದೇ ಮಸ್ಟ್ಯಾಂಗ್ ಗಿಟಾರಿನ ಆಳ ಗೆರೆಯ ಉರುಳೆಗಳನ್ನು ತಂದು ಜೋಡಿಸಿದರು. 2012ರಲ್ಲಿ ಗಿಟಾರ್ ವಾದಕ ಜಾನಿ ಮಾರ್ ಹೆಸರಲ್ಲಿ ಬಂದ ಜಾಗ್ವಾರಿಗೆ ಕಾರ್ಖಾನೆಯಲ್ಲೇ ಆ ಉರುಳೆ ಹಾಕಿ, ಬ್ರಿಡ್ಜ್ ಅಲುಗದಂತೆ ಕಾಲುಗಳಿಗೆ ನೈಲಾನ್ ಕೂಡ ತೊಡಿಸಿದ್ದರು.